ಮಲಕವ್ವನ ಒಂದೇ ಕ್ಯಾಸೆಟ್

ನಿಪ್ಪಾಣಿಯಲ್ಲಿ ಬೀಡಿ ಕಟ್ಟುತ್ತಿದ್ದ ಮಲಕವ್ವನ ಹೆಸರು ನಮ್ಮ ಚರ್ಚಿನ ಯಾವ ಪುಸ್ತಕದಲ್ಲೂ ಇಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ. ಯಾರಿಗೆ ಸಿಟ್ಟು ಬಂದರೂ ಬರಲಿ, ನನಗೆ ಬಂದು ವರ್ಷಗಳಾದವು.

ತೊಡೆಯ ಮೇಲಿನ ಮೊರದಲ್ಲಿ ತಂಬಾಕು, ಬಾಯಲ್ಲಿ ಯೇಸುವಿನ ಹಾಡು. ಹಾಡು ಅವಳೇ ಕಟ್ಟಿದ್ದು. ಧಾಟಿ ಮಾತ್ರ ಬಸ್ ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿಯದು, ಕಾಲು ತಾನಾಗಿ ತಾಳ ಹಾಕುವಂಥದ್ದು. ಪಕ್ಕದಲ್ಲಿ ಕೂತು ಗೆಳತಿ ಸಾವಿತ್ರೆವ್ವ ದನಿಗೂಡಿಸುತ್ತಿದ್ದಳು. ೧೯೮೭ರಲ್ಲಿ ಇಬ್ಬರೂ ಮಿರಜಿಗೆ ಹೋಗಿ ಅದನ್ನು ರೆಕಾರ್ಡ್ ಮಾಡಿಸಿಕೊಂಡು ಬಂದರು. ಒಂದೇ ಕ್ಯಾಸೆಟ್. ಮರುವರ್ಷದ ಮಳೆಗಾಲದಲ್ಲಿ ಸಾವಿತ್ರೆವ್ವ ಕಾಮಾಲೆಯಾಗಿ ತೀರಿಕೊಂಡಳು.

ಗೆಳತಿಯ ನೆನಪಿಗೆ ಆ ಹಾಡನ್ನು ಕ್ರಿಸ್‌ಮಸ್ ದಿನ ಚರ್ಚಿನಲ್ಲಿ ಹಾಡಬೇಕೆಂದು ಮಲಕವ್ವ ಕೇಳಿದಳು. ಸಭಾಪಾಲಕರು ಆಗಲಿ ಎಂದರು. ಹಿರಿಯರ ಕಮಿಟಿಯ ಕಾಮಣ್ಣ ಕೆರಳಿದ. ಒಪ್ಪಿಗೆ ಕೊಡಲು ಪಾಲಕರು ಯಾರು, ಆ ಅಧಿಕಾರ ಕಮಿಟಿಯದು ಎಂದ. ಪಾಲಕರೂ ಪಟ್ಟು ಹಿಡಿದರು. ಯೇಸು ತನ್ನ ಶಿಷ್ಯ ಪೇತ್ರನಿಗೆ ಕೊಟ್ಟ ಸ್ವರ್ಗದ ಬೀಗದಕೈ ಈಗ ಯಾರ ಕೈಯಲ್ಲಿದೆ ಎಂಬಲ್ಲಿಗೆ ಹೋಯಿತು ಜಗಳ! ಹಾಡನ್ನು ಪರೀಕ್ಷಿಸಲೆಂದು ಮಲಕವ್ವನಿಂದ ಕ್ಯಾಸೆಟ್ ಇಸಿದುಕೊಂಡು ಚರ್ಚಿನ ಕಪಾಟಿನಲ್ಲಿಟ್ಟರು. ಎರಡು ಕ್ರಿಸ್‌ಮಸ್ ಕಳೆದವು. ಒಬ್ಬ ಮಹಾರಾಯನಾದರೂ ಅದನ್ನು ಹಾಕಿ ಕೇಳಿದನೇ? ಇಲ್ಲ.

ಕೊನೆಗೆ ಜಗಳ ಬಿಡಿಸಲು ಬಿಷಪ್ಪರು ಬಂದರು. ಮಲಕವ್ವನನ್ನೂ ಕರೆಸಿ, ಮೊದಲು ಹಾಡು ಕೇಳಿಸಿ ಎಂದರು. ಗುಂಡಿ ಒತ್ತಿದರೆ ಹೊರಬಿದ್ದದ್ದು ಕಾಮಣ್ಣನ ದನಿ: "ಅಧಿಕಾರ ನಮ್ದ ಐತಿ." ಅದರ ಹಿಂದೆಯೇ ಪಾಲಕರ ಕೂಗಾಟ. ಆಡಿದ ಮಾತನ್ನು ಯಾರೂ ತಿರುಗಿಸಬಾರದೆಂದು ಕಮಿಟಿಯ ಸಭೆಯನ್ನು ರೆಕಾರ್ಡ್ ಮಾಡುವಾಗ ಖಾಲಿ ಕ್ಯಾಸೆಟ್ ಸಿಕ್ಕಿರಲಿಲ್ಲವಂತೆ. ಯಾರೂ ಅಳಿಸದಿರಲೆಂದು ಮಿರಜಿನ ಸ್ಟುಡಿಯೋದವರು ಕ್ಯಾಸೆಟ್ಟಿನ ಮೂಲೆ ಮುರಿದು ಮಾಡಿಕೊಟ್ಟಿದ್ದ ತೂತಿಗೆ ಕಾಗದ ತುರುಕಿ, ಹಾಡಿನ ಮೇಲೆಯೇ ತಮ್ಮ ಮಾತು ತುಂಬಿಸಿದ್ದರು. ಇಬ್ಬರೂ ಒಪ್ಪಿ ಮಾಡಿದ ಕೆಲಸ. ಎರಡು ವರ್ಷದಲ್ಲಿ ಅವರು ಒಪ್ಪಿದ್ದು ಅದೊಂದಕ್ಕೇ.

ಎಲ್ಲಾದರೂ ಸಾವಿತ್ರೆವ್ವನ ದನಿ ಉಳಿದಿದೆಯೇನೋ ಎಂದು ಎರಡೂ ಬದಿ ಮುಗಿಯುವ ತನಕ ಮಲಕವ್ವ ಅಲ್ಲಾಡದೆ ಕೂತಳು. ಉಳಿದಿರಲಿಲ್ಲ. ಕಾಮಣ್ಣ ತಲೆ ಕೆರೆದುಕೊಳ್ಳುತ್ತ, ಈ ವರ್ಷ ನೀನು ಹಾಡಲು ಕಮಿಟಿಯ ಅಡ್ಡಿಯಿಲ್ಲ ಎಂದ. ಎಂಥ ಔದಾರ್ಯ!

ಮಲಕವ್ವ ಎದ್ದು ಸೆರಗು ಸರಿಪಡಿಸಿಕೊಂಡಳು.

"ಆಕಿದು ಅಂತ ನನ್ನ ಕಡೆ ಉಳದಿದ್ದು ಇದೊಂದ ಇತ್ರಿ," ಎಂದಳು. "ಇನ್ನ ನೀವ ಹಾಡ್ರಿ. ಇದರಾಗ ಏನ್ ತುಂಬೀರಿ, ಅದನ್ನ ಹಾಡ್ರಿ ದೇವರ ಮುಂದ."