ಹೌದು–ಅಲ್ಲ ಎನ್ನುತ್ತಿದ್ದ ಕ್ಯಾಸೆಟ್ ಯಂತ್ರ

ಈ ವರ್ಷ ಯುಗಾದಿಯ ಮರುದಿನ ಮಧ್ಯಾಹ್ನ, ಶಿಕಾರಿಪುರದ ನನ್ನ ಮನೆಯ ಊಟದ ಮೇಜಿನ ಮೇಲೆ, ಕಂಪ್ಯೂಟರಿಗೆಂದೇ ತಯಾರಾದ ಹಳೆಯ ಕ್ಯಾಸೆಟ್ ಯಂತ್ರವೊಂದು ಮೊದಲ ಬಾರಿಗೆ ಹಾಡಿತು. ಸ್ಥಳದಲ್ಲಿ ಇಬ್ಬರು ಹಾಜರಿದ್ದೆವು. ಹಾಡಿತು ಎಂದು ಬರೆದದ್ದನ್ನು ಈಗಲೇ ತಿದ್ದಬೇಕು. ಅದು ಮೊರೆಯಿತು. ತಗಡಿನ ಡಬ್ಬಿಯೊಳಗೆ ದುಂಬಿ ಸಿಕ್ಕಿಕೊಂಡ ಹಾಗಿತ್ತು.

"ಇದು ವಚನಾನಾ?" ಎಂದು ಕೇಳಿದ ಶಿವಣ್ಣ.

"ಕ್ಯಾಸೆಟ್ ಮೇಲೆ ಹಂಗೇ ಬರ್ದೈತಿ" ಎಂದೆ.

ಶಿವಣ್ಣ ನನ್ನ ಗೆಳೆಯ. ಯಂತ್ರ ಮೂಲತಃ ಅವನದೇ. ಈಗಿನವರಿಗೆ ನಂಬಿಕೆ ಬರಲಿಕ್ಕಿಲ್ಲ, ಒಂದು ಕಾಲದಲ್ಲಿ ಕಂಪ್ಯೂಟರಿನ ಪ್ರೋಗ್ರಾಂಗಳು ಹಾಡಿನ ಕ್ಯಾಸೆಟ್ಟಿನಂಥದ್ದೇ ಕ್ಯಾಸೆಟ್ಟಿನಲ್ಲಿ ಇರುತ್ತಿದ್ದವು. ಬಸ್ ಸ್ಟ್ಯಾಂಡಿನ ಹತ್ತಿರ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ಶಿವಣ್ಣ ಅದರ ಮೂಲೆಯಲ್ಲಿ ಒಂದು ಕಂಪ್ಯೂಟರ್ ಕೂರಿಸಿದ್ದ. ಕ್ಯಾಸೆಟ್ ಹಾಕಿ ಗುಂಡಿ ಒತ್ತಿ ನಾವು ಎದುರಿನ ಹೋಟೆಲಿಗೆ ಚಹಾಕ್ಕೆ ಹೋಗುತ್ತಿದ್ದೆವು. ತಿರುಗಿ ಬಂದರೆ ಪ್ರೋಗ್ರಾಂ ಇನ್ನೂ ಪರದೆಗೆ ಬಂದಿರುತ್ತಿರಲಿಲ್ಲ. ಮತ್ತೆ ಚಹಾ. ನಾನಾಗ ಪತ್ರಿಕೆಯೊಂದಕ್ಕೆ ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳ ವರದಿಗಾರ. ಊರಿಗೆ ಕಂಪ್ಯೂಟರ್ ಬಂದ ಸುದ್ದಿಯನ್ನು ಒಂದು ಕಾಲಮ್ಮಿಗೆ ಬರೆದು ಕಳಿಸಿದೆ. ಚಹಾದ ಭಾಗವನ್ನು ಡೆಸ್ಕಿನವರು ಕತ್ತರಿಸಿದರು. ಮುಂದೆ ಇನ್‌ಸ್ಟಿಟ್ಯೂಟ್ ಖಾಲಿಯಾದಾಗ ಕಂಪ್ಯೂಟರ್ ಗುಜರಿಗೆ ಹೋಯಿತು, ಕ್ಯಾಸೆಟ್ ಯಂತ್ರ ನನ್ನ ಅಲ್ಮೇರಾದ ಮೇಲೆ ಬಂದು ಕುಳಿತಿತು.

ಅದನ್ನು ಈಗ ಕೆಳಗಿಳಿಸಿದ್ದಕ್ಕೆ ಕಾರಣವಿದೆ. ನನಗೊಂದು ಹೆಸರಿದೆ, ವೀರಭದ್ರಪ್ಪ. ಬಳಕೆ ಕಡಿಮೆ. ಊರಿಗೆ ನಾನು 'ರಿಪೋರ್ಟರ್', ನಿವೃತ್ತನಾದ ಮೇಲೂ ಅದೇ. ಬ್ಯಾಂಕಿನಲ್ಲಿ 'ಸರ್'. ನನ್ನ ಹೆಸರು ಹಿಡಿದು ಕರೆಯುತ್ತಿದ್ದ ಅವ್ವ ಹೋಗಿ ಬಹಳ ಕಾಲವಾಯಿತು. ಹೆಂಡತಿ ಶಾಂತ 'ರೀ' ಎನ್ನುತ್ತಿದ್ದಳು. ಆ 'ರೀ'ಯಲ್ಲೇ ಊಟಕ್ಕೆ ಬನ್ನಿ, ನಲ್ಲಿ ಬಂತು, ಸುಮ್ಮನಿರಿ ಎಲ್ಲವೂ ಅಡಗಿರುತ್ತಿತ್ತು. ಅವಳು ತೀರಿಕೊಂಡ ಮೇಲೆ ಅದೂ ನಿಂತಿದೆ. ಈಗ ಮನೆಯಲ್ಲಿ ಮಾತು ಅಂತ ಕೇಳಿಸುವುದು ಕುಕ್ಕರಿನದು. ಅದು ಹೆಸರು ಹಿಡಿದು ಕೂಗುವುದಿಲ್ಲ.

ನಮ್ಮ ಕಡೆಯ ಹಳೆಯ ತಲೆಮಾರಿನ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವರಲ್ಲ. ಹೇಳಲೇಬೇಕಾದ ಒಂದು ಸಂದರ್ಭ ಮಾತ್ರ ಉಂಟು. ಮದುವೆ ಮನೆಯಲ್ಲಿ ಹೆಂಗಸರೆಲ್ಲ ಸೇರಿ ಒಬ್ಬೊಬ್ಬಳನ್ನೇ ಹಿಡಿದು ನಿಲ್ಲಿಸುತ್ತಾರೆ. ಅವಳು ಪ್ರಾಸ ಕಟ್ಟಿದ ಎರಡು ಸಾಲು ಹೇಳಿ, ಅದರ ಕೊನೆಗೆ ಗಂಡನ ಹೆಸರು ಸೇರಿಸಬೇಕು. ಅದಕ್ಕೆ ಒಡಪು ಎನ್ನುತ್ತಾರೆ. ಹೇಳದಿದ್ದರೆ ಬಿಡುವುದಿಲ್ಲ. ಶಾಂತಳ ತಂಗಿ ಗಿರಿಜಾ ಯುಗಾದಿಗೆ ಕೆಲವು ದಿನ ಮೊದಲು ಸೊರಬದಿಂದ ಫೋನ್ ಮಾಡಿದಳು.

"ಭಾವ, ನನ್ ಮದ್ವೆ ಕ್ಯಾಸೆಟ್ ಸಿಕ್ತು. ಅದ್ರಲ್ಲಿ ಅಕ್ಕ ಒಡಪು ಹೇಳಿದ್ದಿದೆ. ಹಾಕಿ ಕೇಳಕ್ಕೆ ನಮ್ಮನೇಲಿ ಟೇಪೇ ಇಲ್ಲ ನೋಡಿ."

ಗಿರಿಜಾಳ ಮದುವೆಯ ದಿನ ಮುಹೂರ್ತ ಮುಗಿಸಿಕೊಂಡು ನಾನು ಕ್ಯಾಸನೂರಿನ ಕಡೆ ಮಂಗನ ಕಾಯಿಲೆಯ ವರದಿಗೆ ಹೋಗಿದ್ದೆ. ಒಡಪಿನ ಹೊತ್ತಿಗೆ ಅಲ್ಲಿರಲಿಲ್ಲ. ಇದ್ದರೂ ಗಂಡಸರನ್ನು ಹತ್ತಿರ ಬಿಡುತ್ತಿರಲಿಲ್ಲ. ಶಾಂತಳ ಬಾಯಲ್ಲಿ ನನ್ನ ಹೆಸರು ಹೇಗೆ ಕೇಳಿಸುತ್ತದೆ ಎಂಬುದು ನನಗೆ ಗೊತ್ತಿಲ್ಲದ ಸಂಗತಿ. ಫೋನ್ ಇಟ್ಟ ಮೇಲೆ, ತಿಳಿಯಲೇಬೇಕಾದ ಸಂಗತಿ ಅದೊಂದೇ ಎನ್ನಿಸತೊಡಗಿತು.

ನನ್ನ ಟೇಪ್ ರೆಕಾರ್ಡರ್ ಬಿಚ್ಚಿದರೆ ಒಳಗಿನ ರಬ್ಬರ್ ಬೆಲ್ಟು ಕರಗಿ ಡಾಂಬರಾಗಿತ್ತು, ಮೋಟಾರು ಸುಟ್ಟಿತ್ತು. ಮನೆಯಲ್ಲಿ ಗಾಲಿ ತಿರುಗುವ ಸ್ಥಿತಿಯಲ್ಲಿದ್ದದ್ದು ಕಂಪ್ಯೂಟರಿನ ಯಂತ್ರ ಒಂದೇ. ಆದರೆ ಅದಕ್ಕೆ ಬಾಯಿಯಿಲ್ಲ, ಅಂದರೆ ಸ್ಪೀಕರ್ ಇಲ್ಲ. ಕರೆಂಟು ಕೂಡ ಕಂಪ್ಯೂಟರೇ ಕೊಡಬೇಕು. ಶಿವಣ್ಣ ಬೆಸುಗೆಯ ಕಡ್ಡಿ ತಂದ. ಕರೆಂಟಿಗೆ ಮೊಬೈಲ್ ಚಾರ್ಜರ್, ದನಿಗೆ ಅಂಗಡಿಯಲ್ಲಿ ಸಿಗುವ ಪುಟ್ಟ ಆಂಪ್ಲಿಫೈಯರ್ ಮತ್ತು ಸತ್ತ ರೇಡಿಯೊದ ಸ್ಪೀಕರ್. ಕಂಪ್ಯೂಟರಿಗೆ ಹೋಗುತ್ತಿದ್ದ ತಂತಿಯನ್ನೇ ಸ್ಪೀಕರಿನ ಕಡೆ ತಿರುಗಿಸೋಣ ಎಂದು ಸೂಚಿಸಿದವನು ನಾನು. ಪರೀಕ್ಷೆಗೆಂದು ಮನೆಯಲ್ಲಿದ್ದ ವಚನದ ಕ್ಯಾಸೆಟ್ ಹಾಕಿದೆವು. ಅದರ ಫಲವೇ ದುಂಬಿ.

ಕಾರಣ ಆಮೇಲೆ ತಿಳಿಯಿತು. ಕಂಪ್ಯೂಟರಿಗೆ ಬೇಕಾದದ್ದು ಹೌದು, ಅಲ್ಲ, ಎರಡೇ. ಹಾಗಾಗಿ ಈ ಯಂತ್ರ ಟೇಪಿನ ದನಿಯನ್ನು ಮೊದಲು ಹಿಗ್ಗಿಸುತ್ತದೆ, ನಂತರ ಅದರ ಏರಿಳಿತವನ್ನೆಲ್ಲ ಕತ್ತರಿಸಿ ಹೌದು–ಅಲ್ಲ ಮಾಡಿ ಹೊರಗೆ ಕಳಿಸುತ್ತದೆ. ವಚನ ಹಾಡಿದವರ ದನಿಯಲ್ಲಿ ಹೌದು ಮತ್ತು ಅಲ್ಲ ಎರಡೇ ಉಳಿದಿದ್ದವು. ನನಗೆ ಯಂತ್ರದ ಮೇಲೆ ಸಿಟ್ಟು ಬರಲಿಲ್ಲ. ನಾನೂ ಇಷ್ಟು ವರ್ಷ ಮಾಡಿದ್ದು ಅದೇ ಕೆಲಸ. ಅಂಬ್ಲಿಗೊಳ ಜಲಾಶಯದ ನೀರು ಬಿಟ್ಟರೇ, ಇಲ್ಲವೇ? ಸಭೆ ನಡೆಯಿತೇ, ಇಲ್ಲವೇ? ರೈತರು ಅರ್ಧ ಗಂಟೆ ಹೇಳಿಕೊಂಡದ್ದು ಎರಡು ಸಾಲಾಗಿ ಹೊರಗೆ ಹೋಗುತ್ತಿತ್ತು.

ನಮ್ಮ ತಾಲ್ಲೂಕಿನ ಬಂದಳಿಕೆಯ ಶಾಸನಗಳನ್ನು ನೋಡುವಾಗಲೂ ನನಗೆ ಹೀಗೇ ಅನ್ನಿಸಿದ್ದುಂಟು. ದಾನ ಕೊಟ್ಟವರ ಹೆಸರು ಇಷ್ಟು ಶತಮಾನಗಳಾದರೂ ಕಲ್ಲಿನಲ್ಲಿ ಇದೆ. ಆ ಹೆಸರನ್ನು ಅವರ ಮನೆಯಲ್ಲಿ ಯಾವ ದನಿಯಲ್ಲಿ ಕೂಗುತ್ತಿದ್ದರು ಎಂಬುದು ಕಲ್ಲಿನಲ್ಲಿಲ್ಲ.

ಕತ್ತರಿಸುವ ಜಾಗಕ್ಕಿಂತ ಹಿಂದೆ, ದನಿ ಇನ್ನೂ ಇಡಿಯಾಗಿ ಇರುವಲ್ಲಿ ತಂತಿ ಬೆಸೆದೆವು. ವಚನ ವಚನವಾಗಿ ಬಂತು. ತುಸು ಮೂಗಿನಲ್ಲಿ ಹಾಡಿದಂತಿತ್ತು, ಆದರೆ ಮನುಷ್ಯರದೇ ದನಿ. ಶಿವಣ್ಣ ಮನೆಗೆ ಹೋದ ಮೇಲೂ ಅದನ್ನು ಹಾಕಿಕೊಂಡೇ ಇದ್ದೆ. ಅಡುಗೆ ಮನೆಯಲ್ಲಿ ನಿಂತರೆ ನಡುಮನೆಯಲ್ಲಿ ಯಾರೋ ಇದ್ದಾರೆ ಎನ್ನಿಸುತ್ತಿತ್ತು. ಎರಡು ಸಲ ಹೋಗಿ ನೋಡಿದೆ.

ಮುಂದಿನ ವಾರ ಯಂತ್ರವನ್ನು ಟವೆಲಿನಲ್ಲಿ ಸುತ್ತಿ ಸೊರಬದ ಬಸ್ ಹತ್ತಿದೆ. ಮಡಿಲಲ್ಲಿ ಇಟ್ಟುಕೊಂಡದ್ದನ್ನು ನೋಡಿ ಕಂಡಕ್ಟರ್, "ಏನ್ರೀ ಅದು, ಕೂಸು ಮಲಗಿಸ್ಕೊಂಡಂಗೆ ಕೂತೀರಲ್ಲ?" ಎಂದ. ಟೇಪು ಎಂದೆ. "ಅದಕ್ಕಿನ್ನೂ ಟಿಕೆಟ್ ಮಾಡಿಲ್ಲ ಬಿಡ್ರಿ" ಎಂದು ಮುಂದೆ ಹೋದ.

ಗಿರಿಜಾ ಬಾಗಿಲು ಹಾಕಿ ಬಂದು ಕುಳಿತಳು. ಕ್ಯಾಸೆಟ್ಟಿನಲ್ಲಿ ಮೊದಲು ಪಾತ್ರೆಯ ಸದ್ದು, ಬಳೆಯ ಸದ್ದು, ಯಾರೋ ಮಗುವನ್ನು ಗದರಿದ್ದು. ಆಮೇಲೆ "ಶಾಂತಕ್ಕ ತಪ್ಪಿಸ್ಕೊಳ್ತಿದಾಳೆ, ಹಿಡೀರೇ!" ಎಂಬ ಕೂಗು. ಆಮೇಲೆ ಶಾಂತ.

"ಅಂಬ್ಲಿಗೊಳದ ನೀರಿಗೆ ಗದ್ದೆಯೆಲ್ಲ ಹಸಿರು, ಕೇಳ್ರವ್ವ ಎಲ್ಲಾರೂ ನನ್ನ ಗಂಡನ ಹೆಸರು..."

ಅಷ್ಟರಲ್ಲಿ ಹೆಂಗಸರೆಲ್ಲ ಒಟ್ಟಿಗೆ ಗೊಳ್ಳೆಂದು ನಕ್ಕರು. ಹೆಸರು ಆ ನಗುವಿನ ಅಡಿಯಲ್ಲಿ ಹೋಯಿತು. "ಕೇಳ್ಲಿಲ್ಲ, ಜೋರಾಗಿ ಹೇಳೇ!" ಎಂದು ಯಾರೋ ಪೀಡಿಸಿದರು. ನಾನು ಯಂತ್ರಕ್ಕೆ ಕಿವಿ ಹಚ್ಚಿದೆ.

"ಹೋಗ್ರೇ, ಒಂದ್ಸಲ ಹೇಳಿದ್ದಾಯ್ತು" ಎಂದಳು ಶಾಂತ.

ಟೇಪನ್ನು ಹಿಂದಕ್ಕೆ ಸುತ್ತಿ ಹಾಕಿದೆ. ಮತ್ತೆ ಸುತ್ತಿದೆ. ಪ್ರತಿ ಸಲವೂ ಹಸಿರು, ಹೆಸರು, ನಗು.

"ಹೇಳಿದ್ಳೋ ಇಲ್ವೋ?" ಎಂದು ಗಿರಿಜಾಳನ್ನು ಕೇಳಿದೆ.

"ಹೇಳಿದ್ಳು ಭಾವ. ನಾನು ಪಕ್ಕದಲ್ಲೇ ಇದ್ನಲ್ಲ."

"ಟೇಪಲ್ಲಿಲ್ಲ."

"ಹೆಸ್ರು ಹೆಸ್ರು ಅಂತ ಅದೊಂದನ್ನೇ ಹುಡುಕ್ತಿದೀರಲ್ಲ ಮಾರಾಯ್ರೆ. ಇನ್ನೊಂದ್ಸಲ ಹಾಕಿ. ಎಲ್ರೂ ನಕ್ಕು ನಿಲ್ಸಿದ್ಮೇಲೂ ಒಬ್ಳು ನಗ್ತಾನೇ ಇದಾಳೆ, ಕೇಳಿಸ್ತಾ? ಉಸ್ರು ಕಟ್ಕೊಂಡು?"

"ಯಾರದು?"

ಗಿರಿಜಾ ನನ್ನ ಮುಖ ನೋಡಿದಳು. "ಅಕ್ಕಂದು ಭಾವ. ನಿಮ್ ಹೆಸ್ರು ಹೇಳಿ ಅವ್ಳಿಗೇ ನಗು ತಡೆಯಕ್ಕಾಗ್ಲಿಲ್ಲ. ಸೆರಗು ಬಾಯಿಗೆ ತುರುಕ್ಕೊಂಡಿದ್ಳು."

ಮನೆಯಲ್ಲಿ ಶಾಂತ ನಗುತ್ತಿದ್ದಳು, ಆದರೆ ಹಾಗಲ್ಲ. ಆ ನಗುವನ್ನು ನಾನು ಆ ಮಧ್ಯಾಹ್ನವೇ ಮೊದಲು ಕೇಳಿದ್ದು. ಇನ್ನೊಮ್ಮೆ ಹಾಕಿದೆ. ಈ ಸಲ ಹೆಸರಿನ ಜಾಗ ದಾಟಿ ಮುಂದಕ್ಕೆ ಕೇಳಿದೆ.

ಗಿರಿಜಾ ಕ್ಯಾಸೆಟ್ಟನ್ನು ನನಗೇ ಕೊಟ್ಟಳು. ಅದೀಗ ಶಿಕಾರಿಪುರದಲ್ಲಿ, ಯಂತ್ರದ ಒಳಗೇ ಇದೆ. ಟೇಪಿನಲ್ಲಿ ನನ್ನ ಹೆಸರು ಕೇಳಿಸುವುದಿಲ್ಲ. ಯಂತ್ರದ ಬೆಲ್ಟು ಹಳೆಯದು, ಹೊಸದು ತರಿಸುತ್ತೇನೆ ಎಂದು ಶಿವಣ್ಣ ಹೇಳಿದ್ದಾನೆ. ಇವತ್ತು ಬೆಳಿಗ್ಗೆ ಹಾಕಿದಾಗ ಅದು ಜಾರಲಿಲ್ಲ. ನಗು ಕೊನೆಯವರೆಗೂ ಬಂತು.