ನೊರೀನ್ ಹೇಗ್ ಮನೆಯ ಹೊಸ ಬಾಯ್ಲರ್

ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನ ನಮ್ಮ ಬೀದಿಯಲ್ಲಿ ನನ್ನ ಮನೆಗೆ ಗೋಡೆ ಅಂಟಿಕೊಂಡ ಮನೆಯಲ್ಲಿ ಬಾಡಿಗೆಗಿದ್ದವಳು ನೊರೀನ್ ಹೇಗ್. ಉಣ್ಣೆ ಗಿರಣಿಯಲ್ಲಿ ದುಡಿದವಳು. ನೇಯ್ಗೆಯಲ್ಲಿ ತಪ್ಪಿದ ಎಳೆಯನ್ನು ಸೂಜಿಯಿಂದ ಮತ್ತೆ ಕೂಡಿಸುವುದು ಅವಳ ಕೆಲಸ. ಗಿರಣಿ ಮುಚ್ಚಿದ ಮೇಲೂ ದರ್ಜಿಗಳು ಹರಿದ ಕೋಟುಗಳನ್ನು ಅವಳ ಮನೆಗೇ ಕಳಿಸುತ್ತಿದ್ದರು. ಮದುವೆಯಾಗಿರಲಿಲ್ಲ, ತಂಗಿ ಗ್ಲೆನಿಸ್ ಜೊತೆಗಿದ್ದಳು. ಗ್ಲೆನಿಸ್‌ಳದು ಬಾಯಿಯೂ ಜೋರು, ನಡಿಗೆಯೂ ಜೋರು. ಅವಳು ಮೆಟ್ಟಿಲಿಳಿದರೆ ನನ್ನ ಅಡುಗೆಮನೆಯ ತಟ್ಟೆಗಳು ಅಲುಗುತ್ತಿದ್ದವು. ಅವಳು ತೀರಿಕೊಂಡ ಮೇಲೆ ಗೋಡೆಯಾಚೆ ಸದ್ದೇ ಇಲ್ಲ.

ಮರುವರ್ಷ ನವೆಂಬರಿನಲ್ಲಿ ನೊರೀನ್ ಮನೆಯನ್ನು ಬೆಚ್ಚಗಿಡುವ ಬಾಯ್ಲರ್ ಕೆಟ್ಟಿತು. ಮಾಲೀಕ ಆರ್ಮಿಟೇಜ್ ಹೊಸದು ಹಾಕಿಸಲು ಕ್ಲೈವ್ ಎಂಬ ಫಿಟ್ಟರನ್ನು ಕಳಿಸಿದ. ಅವನು ಮುಂದಿನ ಕೋಣೆಯ ಗೋಡೆಗೆ ಬಿಳಿ ಡಬ್ಬಿಯೊಂದನ್ನು ಕೂರಿಸುವಾಗ ನಾನೂ ಅಲ್ಲಿದ್ದೆ.

“ಮೊದ್ಲು ಒಂದು ಗುಂಡಿ ಇತ್ತು. ತಿರುಗಿಸಿದ್ರೆ ಆಗ್ತಿತ್ತು,” ಎಂದಳು ನೊರೀನ್.

“ಈಗ ಹಾಗೆ ಬಿಟ್ಟು ಹೋಗೋ ಹಾಗಿಲ್ಲ ತಾಯಿ. ಹೊಸ ಬಾಯ್ಲರ್ ಹಾಕಿದ್ರೆ ಟೈಮರ್ ಬೇಕು, ಥರ್ಮೋಸ್ಟಾಟ್ ಬೇಕು, ಅದರ ಮೇಲೆ ಗ್ಯಾಸ್ ಉಳಿಸೋಕೆ ಇನ್ನೊಂದೇನಾದ್ರೂ ಬೇಕು. ಬಾಡಿಗೆ ಮನೆಗೂ ಅದೇ ಕಾನೂನು. ಇದರಲ್ಲಿ ಎಲ್ಲಾ ಇದೆ. ನೀವೇನೂ ಮುಟ್ಟಬೇಡಿ, ಅದೇ ನೋಡ್ಕೊಳ್ಳತ್ತೆ.”

“ನಮ್ಮ ಗ್ಲೆನಿಸ್ಸೂ ಹೀಗೇ ಅನ್ನೋಳು. ಒಂದು ದಿನಾನೂ ನೋಡ್ಕೊಳ್ಳಲಿಲ್ಲ.”

ಜನವರಿಯಲ್ಲಿ ಒಂದು ಮಧ್ಯಾಹ್ನ ಅವಳಿಗೆ ಒಂದಿಷ್ಟು ಸೂಪು ಕೊಡಲು ಹೋದೆ. ನೊರೀನ್ ಮುಂದಿನ ಕೋಣೆಯ ದೀಪದ ಕೆಳಗೆ ಹೊರಗಿನ ಕೋಟು ತೊಟ್ಟು, ತಲೆಗೆ ಸ್ಕಾರ್ಫ್ ಕಟ್ಟಿ, ಯಾರದೋ ಪ್ಯಾಂಟಿನ ಮೊಣಕಾಲು ಸರಿಮಾಡುತ್ತಿದ್ದಳು. ಮಾತಾಡಿದರೆ ಬಾಯಿಂದ ಹಬೆ ಬರುತ್ತಿತ್ತು.

“ಎಷ್ಟು ದಿನದಿಂದ ಹೀಗೆ? ಹೇಳ್ಬಾರ್ದಾ?”

“ನನ್ನ ರಕ್ತಾನೇ ತಣ್ಣಗಾಯ್ತೇನೋ ಅನ್ಕೊಂಡೆ ಕಣೆ. ವಯಸ್ಸಾಯ್ತಲ್ಲ.”

ನಾನು ಚಹಾ ಕಾಯಿಸಲು ಅಡುಗೆಮನೆಗೂ ಆ ಕೋಣೆಗೂ ಓಡಾಡಿದೆ. ಸ್ವಲ್ಪ ಹೊತ್ತಿಗೆ ಕಿಟಕಿ ಕೆಳಗಿನ ರೇಡಿಯೇಟರ್ ಟಿಕ್ ಟಿಕ್ ಎಂದು ಬಿಸಿಯಾಗತೊಡಗಿತು.

“ನೋಡು, ನೀನು ಬಂದ ತಕ್ಷಣ ಶುರುವಾಯ್ತು. ಅದಕ್ಕೂ ನನ್ನ ಕಂಡ್ರೆ ಆಗಲ್ಲ,” ಎಂದು ನಕ್ಕಳು.

ನಾನು ಕ್ಲೈವ್‌ಗೆ ಫೋನ್ ಮಾಡಿದೆ. ಮರುದಿನ ಬಂದವನು ಡಬ್ಬಿಯನ್ನು ಒತ್ತಿ ನೋಡಿ, ಅವಳ ಕುರ್ಚಿ ನೋಡಿ, ಮಡಿಲಲ್ಲಿದ್ದ ಬಟ್ಟೆ ನೋಡಿದ.

“ಏನಪ್ಪಾ, ಕೆಟ್ಟಿದೆಯಾ?”

“ಕೆಟ್ಟಿಲ್ಲ ತಾಯಿ. ಇದಕ್ಕೊಂದು ಕಣ್ಣಿದೆ. ಕೋಣೇಲಿ ಯಾರೂ ಓಡಾಡ್ಲಿಲ್ಲ ಅಂದ್ರೆ ಮನೆ ಖಾಲಿ ಅಂತ ಶಾಖ ಇಳಿಸಿಬಿಡತ್ತೆ. ನೀವು ಕೂತ್ರೆ ಅಲುಗಲ್ಲ ಅನ್ಸತ್ತೆ.”

“ಹೊಲಿಯೋವಾಗ ಅಲುಗಿದ್ರೆ ಎಳೆ ತಪ್ಪತ್ತೆ.” ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕೇಳಿದಳು: “ಅಂದ್ರೆ ನಾನು ಇಲ್ಲ ಅನ್ಕೊಂಡಿತ್ತಾ?”

“ಹೊರಗೆ ಹೋಗಿದೀರಿ ಅಂತ, ಅಷ್ಟೇ.”

“ನಾನು ಇಲ್ಲೇ ಕೂತಿದ್ದೆನಲ್ಲ. ಇಡೀ ಚಳಿಗಾಲ ಇಲ್ಲೇ ಕೂತಿದ್ದೆ.”

ಕ್ಲೈವ್ ಡಬ್ಬಿಯತ್ತ ತಿರುಗಿದ. ಅದರ ಕಣ್ಣಿನ ಕೆಲಸ ನಿಲ್ಲಿಸಿ, ಬೆಳಿಗ್ಗೆ ಒಂದಿಷ್ಟು ಹೊತ್ತು, ಮಧ್ಯಾಹ್ನ ಮೂರರಿಂದ ರಾತ್ರಿಯವರೆಗೆ ಎಂದು ಟೈಮರ್ ಇಟ್ಟುಕೊಟ್ಟ. “ಇನ್ಮೇಲೆ ನೀವು ಅಲುಗದಿದ್ರೂ ಬರತ್ತೆ,” ಎಂದ. ಹಾಗೇ ಆಯಿತು, ಮನೆ ಬೆಚ್ಚಗಾಯಿತು. ನೊರೀನ್ ಕೋಟನ್ನು ಮೊಳೆಗೆ ನೇತುಹಾಕಿದಳು.

ಭಾನುವಾರ ಅವಳನ್ನು ಊಟಕ್ಕೆ ಕರೆದೆ. ಹುರಿದ ದನದ ಮಾಂಸ, ಹಿಟ್ಟು ಕದಡಿ ಬೇಯಿಸಿದ ಸಿಹಿಯಿಲ್ಲದ ಯಾರ್ಕ್‌ಷೈರ್ ಪುಡಿಂಗು, ಮೇಲೆ ಗ್ರೇವಿ. ನನ್ನ ಗಂಡ ಫುಟ್‌ಬಾಲ್ ಮಾತೆತ್ತಿದ, ಮಕ್ಕಳು ಜಗಳವಾಡಿದರು. ಅವಳು ಕುರ್ಚಿಯ ತುದಿಯಲ್ಲಿ ಕೂತು ಚೆನ್ನಾಗಿಯೇ ಉಂಡಳು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ತಾನಾಗಿ ಏನನ್ನೂ ಕೇಳಲಿಲ್ಲ. ಸಿಹಿ ಬಡಿಸುವ ಮೊದಲೇ ಎದ್ದಳು.

“ಇಷ್ಟು ಬೇಗ ಯಾಕೆ? ಇನ್ನೂ ಕಸ್ಟರ್ಡ್ ಇದೆ,” ಎಂದೆ.

“ಇಲ್ಲ ಕಣೆ, ಮೂರಾಗ್ತಾ ಬಂತು. ಶಾಖ ಬರತ್ತೆ. ಯಾರೂ ಇಲ್ದೆ ಸುಮ್ನೆ ಹಾಳಾಗತ್ತೆ.”

ಬಾಗಿಲವರೆಗೆ ಕಳಿಸಿಬಂದೆ. ಪಾತ್ರೆ ತೊಳೆಯುವಾಗ ಗೋಡೆಯಾಚೆ ಅವಳ ಬಾಗಿಲು ಮುಚ್ಚಿದ್ದು ಕೇಳಿಸಿತು. ಆಮೇಲೆ ಪೈಪುಗಳು ಟಿಕ್ ಟಿಕ್ ಎಂದವು, ಅಷ್ಟೇ.