ಹಕ್ಕಿಪ್ರೇಮಿ ಬಂದುಹೋದ ಹಿತ್ತಲು

ಶಿವಮೊಗ್ಗಕ್ಕೆ ಮರಳುವ ಈ ಬಸ್ಸಿನಲ್ಲಿ, ಪಕ್ಕದಲ್ಲೇ ಗೊರಕೆ ಹೊಡೆಯುತ್ತಿರುವ ಹಕ್ಕಿಪ್ರೇಮಿ ಗೆಳೆಯನನ್ನು ಕೆಳಗೆ ತಳ್ಳಿಬಿಡಬೇಕು ಅನ್ನಿಸುತ್ತಿದೆ.

ಬೆಳಿಗ್ಗೆ ಭದ್ರಾವತಿಯ ನ್ಯೂ ಟೌನಿನಲ್ಲಿ ದುರ್ಬೀನು ಹಿಡಿದು ಅಲೆಯುತ್ತಿದ್ದ ನಮ್ಮನ್ನು ಸರೋಜಮ್ಮ ಎಂಬಾಕೆ ತಾವಾಗಿಯೇ ಹಿತ್ತಲಿಗೆ ಕರೆದರು. ಬಟ್ಟೆ ಒಣಹಾಕುವ ತಂತಿಯಲ್ಲಿ ಸೂರಕ್ಕಿಯ ಗೂಡು, ಒಳಗೆ ಎರಡು ಮರಿ. ಗೂಡು ಅಲುಗಬಾರದೆಂದು ಆಕೆ ಹದಿನೈದು ದಿನದಿಂದ ಬಟ್ಟೆಯನ್ನೆಲ್ಲ ಕಾಂಪೌಂಡಿನ ಮೇಲೆ ಹರವುತ್ತಿದ್ದರಂತೆ.

ಅವರು ಕಾಫಿ ತರಲು ಒಳಗೆ ಹೋದದ್ದೇ ತಡ, ಕ್ಯಾಮೆರಾಕ್ಕೆ ಬೆಳಕು ಸಾಲದೆಂದು ಇವನು ಗೂಡಿಗೆ ನೆರಳಾಗಿದ್ದ ದಾಸವಾಳದ ಕೊಂಬೆಯನ್ನು ಲಟಕ್ಕನೆ ಮುರಿದ!

ಕಾಫಿ ತಂದ ಸರೋಜಮ್ಮ ಮುರಿದ ಕೊಂಬೆಯನ್ನು ನೋಡಿದರು. ಲೋಟಗಳನ್ನು ಕೆಳಗಿಟ್ಟು, ಹಳೆಯ ಸೀರೆಯೊಂದನ್ನು ಗಿಡಕ್ಕೆ ಕಟ್ಟಿ ಗೂಡಿಗೆ ನೆರಳು ಮಾಡಿದರು. ಆಮೇಲೆ ನನ್ನನ್ನೇ ನೋಡಿ ಅಂದರು: “ಇನ್ಮೇಲೆ ಯಾರು ಕೇಳಿದ್ರೂ ನಮ್ಮನೇಲಿ ಹಕ್ಕಿ ಇಲ್ಲ ಅಂತೀನಿ ಮಾರಾಯ್ರೇ.”